ಕಾಲ ಕೆಳಗೆ ಎರಡು ಇಟ್ಟಂಗಿ

(ಖಾನಾಪುರ ತಾಲೂಕಿನ ರೈತರ ಕೂಟದಲ್ಲಿ ಗ್ರಾಮಸೇವಕರು ಆಡಿದ ಮಾತು)



ನಾನು ಮಾತಿಗೆ ನಿಂತರೆ ಬೀಜ, ಗೊಬ್ಬರ, ಸಸಿಮಡಿ ಎನ್ನುವವನು. ಈ ಸಲ ಟೊಂಕದ ಮಾತು ಆಡುತ್ತೇನೆ. ವೈದ್ಯರ ಕೆಲಸಕ್ಕೆ ಇವನು ಯಾಕೆ ಕೈಹಾಕಿದ ಎಂದು ತಾವು ಕೇಳಬಹುದು. ಕಾರಣ ಹೇಳುತ್ತೇನೆ, ಅದರಲ್ಲಿ ನನ್ನ ತಪ್ಪೂ ಇದೆ.

ನಮ್ಮ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಎಷ್ಟು ಜನ ಬೆಳಗಾವಿಗೆ ಹೋಗುತ್ತಾರೆಂಬುದು ತಮಗೆ ಗೊತ್ತೇ ಇದೆ. ಕೆಲವರು ವಡಗಾವಿ, ಖಾಸಬಾಗದ ವಿದ್ಯುತ್ ಮಗ್ಗಗಳಿಗೆ, ಕೆಲವರು ಉದ್ಯಮಬಾಗದ ಕಾರಖಾನೆಗಳಿಗೆ. ಹೆಣ್ಣುಮಕ್ಕಳು ಪೇಟೆಯ ಬಟ್ಟೆ ಅಂಗಡಿಗಳಿಗೆ. ಹೊಲದಲ್ಲಿ ದುಡಿದ ಮೈಗೆ ನಿಂತು ಮಾಡುವ ಕೆಲಸ ಏನು ಮಹಾ ಎಂದು ಹೋಗುತ್ತಾರೆ. ಕೆಲವು ತಿಂಗಳಿಗೆ ಟೊಂಕ ಹಿಡಿದುಕೊಂಡು ಬರುತ್ತಾರೆ.

ಹೋದ ವರ್ಷ ಬೇಸಿಗೆಯಲ್ಲಿ ಹೀಗೆ ಮಗ್ಗದ ಕೆಲಸಕ್ಕೆ ಹೋಗಿದ್ದ ಒಬ್ಬ ರೈತರು ಮುಂಗಾರಿನ ಹೊತ್ತಿಗೆ ಊರಿಗೆ ಬಂದರು. ಎರಡು ಎಕರೆ ಭತ್ತದ ಗದ್ದೆಯುಳ್ಳವರು. ಟೊಂಕ ನೋವೆಂದು ನನ್ನ ಮುಂದೆ ಹೇಳಿಕೊಂಡಾಗ, “ಅಣ್ಣಾವರೇ, ಹದಿನೈದು ದಿವಸ ಹಾಸಿಗೆ ಬಿಟ್ಟು ಏಳಬೇಡಿರಿ” ಎಂದೆ. ಹಿರಿಯರು ಹೇಳುತ್ತಿದ್ದುದನ್ನೇ ನಾನೂ ಹೇಳಿದೆ. ಅವರು ಇಪ್ಪತ್ತು ದಿವಸ ಮಲಗಿದರು. ಏಳುವಾಗ ಬೆನ್ನು ಮೊದಲಿಗಿಂತ ಬಿಗಿದಿತ್ತು, ಕಾಲಲ್ಲಿ ಕಸುವು ಉಳಿದಿರಲಿಲ್ಲ. ಇತ್ತ ಮಡಿಯಲ್ಲಿ ಸಸಿ ಬಲಿತುಹೋಯಿತು. ಸಾಲ ತಂದು ಆಳು ಹಚ್ಚಿ ನಾಟಿ ಮಾಡಿಸಿದರು. ಬಲಿತ ಸಸಿ ಎಷ್ಟು ತೆಂಡೆ ಒಡೆದೀತು, ತಮಗೇ ಗೊತ್ತು. ಕೊನೆಗೆ ನಾನೇ ಅವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ವೈದ್ಯರು ರೋಗಿಗೆ ಹೇಳುವ ಮೊದಲು ನನಗೆ ಪಾಠ ಹೇಳಿದರು. ಆ ಪಾಠವನ್ನೇ ತಮ್ಮ ಮುಂದೆ ಇಡುತ್ತೇನೆ.

ಟೊಂಕದಲ್ಲಿ ಐದು ದೊಡ್ಡ ಬೆನ್ನುಮಣಿಗಳಿವೆ. ಮಣಿ ಮಣಿಗಳ ನಡುವೆ ಮೆತ್ತನೆಯ ಗಾದಿಯಂಥ ಬಿಲ್ಲೆಗಳಿವೆ. ಬೆಳೆದವರ ಬಿಲ್ಲೆಗೆ ನೆತ್ತರು ನೇರವಾಗಿ ಹರಿಯುವುದಿಲ್ಲ. ಮೈ ಅಲುಗಾಡಿ ಒತ್ತು ಬಿದ್ದು ಬಿಟ್ಟಾಗ ಸುತ್ತಲಿನ ರಸವನ್ನು ಹೀರಿಕೊಂಡು ಅದು ಬದುಕುತ್ತದೆ. ಬೆನ್ನಿನ ಸ್ನಾಯುಗಳದೂ ಅದೇ ಪಾಡು. ನಡೆಯುವವನ ಸ್ನಾಯು ಒಮ್ಮೆ ಬಿಗಿದು ಒಮ್ಮೆ ಸಡಿಲಾಗುತ್ತದೆ. ನಿಂತಲ್ಲೇ ನಿಂತವನ ಸ್ನಾಯು ಬಿಗಿಹಿಡಿದೇ ಇರುತ್ತದೆ, ನೆತ್ತರು ಸಾಲದೆ ನೋಯುತ್ತದೆ. ನೇಗಿಲ ಹಿಂದೆ ದಿನವಿಡೀ ನಡೆದರೆ ಕಾಲು ಸೋಲುತ್ತದೆ. ನಾಲ್ಕು ತಾಸು ಒಂದೇ ಕಡೆ ನಿಂತರೆ ಟೊಂಕ ಸೋಲುತ್ತದೆ. ದಣಿದ ಮೇಲೆ ನಾವು ಹೊಟ್ಟೆ ಮುಂದೆ ಮಾಡಿ ನಿಲ್ಲುತ್ತೇವಲ್ಲ, ಆಗ ಟೊಂಕದ ಕೊಂಕು ಇನ್ನೂ ಹೆಚ್ಚುತ್ತದೆ.

ಕುರಿ ಕಾಯುವವರನ್ನು ನೋಡಿರಿ. ಬಡಿಗೆಗೆ ಆತುಕೊಂಡು, ಒಂದು ಕಾಲನ್ನು ಎತ್ತಿ ಇನ್ನೊಂದರ ಮೇಲೆ ಇಟ್ಟು ನಿಂತಿರುತ್ತಾರೆ. ಸ್ವಲ್ಪ ಹೊತ್ತಿಗೆ ಕಾಲು ಬದಲಿಸುತ್ತಾರೆ. ಟಾಂಗಾದ ಕುದುರೆಯೂ ನಿಂತಲ್ಲಿ ಒಂದು ಹಿಂಗಾಲನ್ನು ಸಡಿಲ ಬಿಟ್ಟು ಗೊರಸಿನ ತುದಿಯನ್ನಷ್ಟೇ ಊರಿರುತ್ತದೆ. ಯಾವ ಡಾಕ್ಟರೂ ಅವರಿಗೆ ಕಲಿಸಿದ್ದಲ್ಲ.

ನಾವು ಮಾಡತಕ್ಕದ್ದೂ ಅದೇ. ಎರಡು ಇಟ್ಟಂಗಿಗಳನ್ನು ಒಂದರ ಮೇಲೊಂದು ಇಡಿರಿ. ಸುಮಾರು ಅರ್ಧ ಅಡಿ ಎತ್ತರವಾಗುತ್ತದೆ. ಒಂದು ಕಾಲನ್ನು ಅದರ ಮೇಲಿಟ್ಟು ನಿಂತು ಕೆಲಸ ಮಾಡಿರಿ. ಹತ್ತು ನಿಮಿಷಕ್ಕೆ ಕಾಲು ಬದಲಿಸಿರಿ. ತೊಡೆಯಿಂದ ಟೊಂಕದ ಮಣಿಗೆ ಕಟ್ಟಿದ ಸ್ನಾಯುವೊಂದಿದೆ. ಕಾಲು ಮೇಲಿಟ್ಟಾಗ ಅದು ಸಡಿಲಾಗಿ ಟೊಂಕದ ಕೊಂಕು ಇಳಿಯುತ್ತದೆ. ಇಟ್ಟಂಗಿಯನ್ನು ಜನ ಓಡಾಡುವ ದಾರಿಯಲ್ಲಿಯಾಗಲಿ, ತಿರುಗುವ ಯಂತ್ರದ ಹತ್ತಿರವಾಗಲಿ ಇಡಬಾರದು. ಎಡವಿ ಬಿದ್ದರೆ ಟೊಂಕದ ಚಿಂತೆ ಹೋಗಿ ಬೇರೆ ಚಿಂತೆ ಬಂದೀತು.

ಇದನ್ನು ಒಂದು ಊರಿನಲ್ಲಿ ಹೇಳಿದಾಗ ಪಂಢರಪುರದ ವಾರಿ ಮಾಡುವ ಒಬ್ಬ ಅಜ್ಜನವರು, “ನಮ್ಮ ವಿಠ್ಠಲನೂ ಇಟ್ಟಂಗಿಯ ಮೇಲೆ ಟೊಂಕಕ್ಕೆ ಕೈಯಿಟ್ಟೇ ನಿಂತಾನಲ್ಲಪಾ!” ಎಂದರು. ಎಲ್ಲರೂ ನಕ್ಕೆವು. ಅವನು ದೇವರು, ಎರಡೂ ಕಾಲು ಜೋಡಿಸಿ ನಿಂತರೂ ನಡೆಯುತ್ತದೆ. ನಮಗೆ ಒಂದೇ ಕಾಲು ಮೇಲಿರಬೇಕು. ಆದರೆ ಟೊಂಕಕ್ಕೆ ಕೈಯಿಡುವುದು ಒಳ್ಳೆಯ ಉಪಾಯ. ಅರ್ಧ ತಾಸಿಗೊಮ್ಮೆ ಎರಡೂ ಕೈ ಟೊಂಕದ ಹಿಂದೆ ಇಟ್ಟು, ಮೆಲ್ಲಗೆ ಹಿಂದಕ್ಕೆ ಬಾಗಿ ನೇರವಾಗಿರಿ. ಹೀಗೆ ಐದು ಸಲ. ಆಮೇಲೆ ನಾಲ್ಕು ಹೆಜ್ಜೆ ಅಡ್ಡಾಡಿರಿ. ಭತ್ತದ ನಾಟಿಯಲ್ಲಿ ಬಾಗಿ ಬಾಗಿ ದುಡಿಯುವ ತಾಯಂದಿರಿಗೂ ಸಾಲು ಮುಗಿದಾಗಲೆಲ್ಲ ಇದು ತಕ್ಕುದು. ಎತ್ತಿಗೆ ಸೋಮವಾರದ ಬಿಡುವು ಕೊಡುವ ನಾವು ನಮ್ಮ ಬೆನ್ನಿಗೆ ಎರಡು ನಿಮಿಷ ಕೊಡಲಾರೆವೇ?

ಬರಿಯ ಸಿಮೆಂಟಿನ ನೆಲ ಟೊಂಕಕ್ಕೆ ಶತ್ರು. ಮಡಚಿದ ಗೋಣಿಚೀಲವಾಗಲಿ ಹಲಗೆಯಾಗಲಿ ಕಾಲ ಕೆಳಗಿರಲಿ. ಮೆತ್ತನೆಯ ತಳದ ಚಪ್ಪಲಿ ಇರಲಿ.

ಇನ್ನು ಅಡಿಗೆಮನೆ. ಈಗಿನ ಹೊಸ ಮನೆಗಳಲ್ಲಿ ನಿಂತು ಅಡಿಗೆ ಮಾಡುವ ಕಟ್ಟೆ ಬಂದಿದೆ. ಗೌಂಡಿ ತನ್ನ ಮನಸ್ಸಿಗೆ ಬಂದ ಎತ್ತರಕ್ಕೆ ಕಟ್ಟಿ ಹೋಗುತ್ತಾನೆ, ಮನೆಯಾಕೆ ಜೀವಮಾನವಿಡೀ ನೋಯುತ್ತಾಳೆ. ಕಟ್ಟೆ ಮೊಣಕೈಗಿಂತ ಸುಮಾರು ನಾಲ್ಕು ಅಂಗುಲ ಕೆಳಗಿರಬೇಕು. ಐದು ಅಡಿ ಎತ್ತರದ ಹೆಂಗಸಿನ ಮೊಣಕೈ ನೆಲದಿಂದ ಮೂರಡಿಗಿಂತ ತುಸು ಮೇಲಿರುತ್ತದೆ; ಆಕೆಗೆ ಎರಡೂಮುಕ್ಕಾಲು ಅಡಿಯ ಕಟ್ಟೆ ಸರಿ. ರೊಟ್ಟಿ ಬಡಿಯುವುದಕ್ಕೆ ತೋಳಿನ ಬಲ ಬೇಕು, ಆ ಜಾಗ ಇನ್ನೆರಡು ಅಂಗುಲ ತಗ್ಗಿದ್ದರೆ ಒಳ್ಳೆಯದು. ಕಟ್ಟುವ ಮೊದಲು ಅಳೆಯತಕ್ಕದ್ದು ಮನೆಯಾಕೆಯನ್ನು, ಯಜಮಾನರನ್ನಲ್ಲ.

ನೋವು ಬಂದೇ ಬಿಟ್ಟರೆ? ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕಾಲು ತಾಸು ಶಾಖ ಕೊಡಿರಿ. ಚರ್ಮ ಸುಡದಂತೆ ನೋಡಿಕೊಳ್ಳಿರಿ. ಅಂಗಾತ ಮಲಗಿ, ಮೊಣಕಾಲು ಮಡಚಿ, ಒಂದೊಂದೇ ಮೊಣಕಾಲನ್ನು ಎದೆಯ ಕಡೆಗೆ ತಂದು ಹತ್ತು ಎಣಿಸಿರಿ. ಕಾಲಿಗೆ ನೋವು ಇಳಿಯತೊಡಗಿದರೆ ನಿಲ್ಲಿಸಿರಿ. ತೀರಾ ಅಸಾಧ್ಯವಾದರೆ ಒಂದೆರಡು ದಿವಸ ಮಲಗಿರಿ, ಹೆಚ್ಚು ಬೇಡ. ಆದಷ್ಟು ಬೇಗ ಎದ್ದು ಸ್ವಲ್ಪ ಸ್ವಲ್ಪವಾಗಿ ನಡೆಯಿರಿ. ಇಂಥ ನೋವು ಹೆಚ್ಚಿನವರಿಗೆ ಆರು ವಾರದೊಳಗೆ ಬಹಳಷ್ಟು ಇಳಿಯುತ್ತದೆ. ಟೊಂಕದ ಪಟ್ಟಿಗೆ ದುಡ್ಡು ಸುರಿಯಬೇಡಿರಿ. ಹಳೆಯ ಟೊಂಕನೋವಿಗೆ ಅದನ್ನು ಸಾಮಾನ್ಯವಾಗಿ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಹೇಳಿದೆ. ಅಂಗಡಿಯ ನೋವಿನ ಗುಳಿಗೆಯನ್ನು ದಿನಾಲೂ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಎರಡೂ ಕೆಡುತ್ತವೆ. ಬೀಡಿ ಸೇದುವವರಿಗೆ ಟೊಂಕನೋವು ಹೆಚ್ಚೆಂಬುದೂ ತಿಳಿದಿರಲಿ.

ಎಲ್ಲ ಟೊಂಕನೋವೂ ನಿಂತದ್ದರಿಂದ ಬಂದದ್ದಲ್ಲ. ಇದನ್ನು ಮಾತ್ರ ಕಿವಿಗೊಟ್ಟು ಕೇಳಿರಿ. ನಾನು ಬಲ್ಲ ಒಬ್ಬ ತಾಯಿ ಅಂಗಡಿಯಲ್ಲಿ ನಿಂತು ದುಡಿಯುತ್ತಿದ್ದರು. ನೋವು ನಿಂತದ್ದಕ್ಕೇ ಎಂದು ಮನೆಯವರೆಲ್ಲ ನಂಬಿ, ತಿಂಗಳುಗಟ್ಟಲೆ ಎಣ್ಣೆ ಹಚ್ಚಿ ತಿಕ್ಕಿಸಿದರು. ಸಂಜೆಗೆ ಮೈ ಬೆಚ್ಚಗಾಗುತ್ತಿತ್ತು, ಸೀರೆಯ ಕುಪ್ಪಸ ಸಡಿಲವಾಗುತ್ತ ಬಂದಿತ್ತು. ಯಾರೂ ಎರಡನ್ನೂ ಕೂಡಿಸಿ ನೋಡಲಿಲ್ಲ. ಕಾಲು ಸೋಲತೊಡಗಿದ ಮೇಲೆ ಬೆಳಗಾವಿಗೆ ಒಯ್ದರು. ಬೆನ್ನುಮಣಿಯ ಕ್ಷಯ! ಕ್ಷಯ ಎದೆಗೂಡಿಗೆ ಮಾತ್ರ ಬರುವುದಲ್ಲ. ಸರಕಾರದ ಆಸ್ಪತ್ರೆಯಲ್ಲಿ ಅದರ ಔಷಧ ಪುಕ್ಕಟೆ. ಆ ತಾಯಿ ಪೂರ್ತಿ ತಿಂಗಳುಗಳ ಔಷಧ ಮುಗಿಸಿ ಈಗ ನಡೆದಾಡುತ್ತಾರೆ, ಕೈಯಲ್ಲಿ ಕೋಲಿದೆ. ಆದುದರಿಂದ ಜ್ವರ, ತೂಕ ಇಳಿತ, ರಾತ್ರಿ ಮಲಗಿದರೂ ಬಿಡದ ನೋವು, ಬಿದ್ದ ಮೇಲೆ ಬಂದ ನೋವು ಇದ್ದರೆ ತಡಮಾಡದೆ ವೈದ್ಯರನ್ನು ಕಾಣಿರಿ. ತೊಡೆಸಂದು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಕಾಲಿನ ಬಲ ಹೋದರೆ ಬೆಳಗಿನ ಬಸ್ಸನ್ನೂ ಕಾಯಬಾರದು. ಅದೇ ರಾತ್ರಿ 108ಕ್ಕೆ ಕರೆಮಾಡಿರಿ.

ಪಟ್ಟಣಕ್ಕೆ ಹೋಗುವ ಮಕ್ಕಳಿಗೆ ಇನ್ನೊಂದು ಮಾತು. ಕೂಡ್ರಲು ಜಾಗ ಕೇಳುವುದು ಸೋಮಾರಿತನವಲ್ಲ. ನಿಂತು ದುಡಿಯುವವರಿಗೆ ಸಂದು ಸಿಕ್ಕಾಗ ಕೂಡ್ರಲು ಅನುಕೂಲ ಮಾಡಿಕೊಡಬೇಕೆಂದು 1948ರ ಕಾರಖಾನೆ ಕಾಯದೆಯಲ್ಲಿಯೇ ಬರೆದಿದ್ದರು. ಅಂಗಡಿಯ ಕೆಲಸಗಾರರಿಗಾಗಿ ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಇಂಥ ತಿದ್ದುಪಡಿ ತಂದರು. ಒಬ್ಬಳೇ ಕೇಳಿದರೆ ಮಾಲಕರು ಸಿಟ್ಟಾದಾರು. ಹತ್ತು ಜನ ಕೂಡಿ ಮರ್ಯಾದೆಯಿಂದ ಕೇಳಿದರೆ ನಾಲ್ಕು ಸ್ಟೂಲು ಬಂದಾವು.

ಮುಂದಿನ ವಾರ ಸಸಿಮಡಿ ನೋಡಲು ಬರುತ್ತೇನೆ. ಅಳತೆಯ ಟೇಪು ಚೀಲದಲ್ಲಿರುತ್ತದೆ. ಹೊಸದಾಗಿ ಅಡಿಗೆ ಕಟ್ಟೆ ಕಟ್ಟಿಸುವವರು ಗೌಂಡಿ ಬರುವ ಮೊದಲೇ ನನ್ನನ್ನು ಕರೆಯಿರಿ.