ಟ್ಯಾಂಕಿನಲ್ಲಿ ಕಾಣೆಯಾದ ನಾಲ್ಕು ಲೀಟರ್: ಲಾರಿ ಹೇಳಿದ್ದನ್ನು ನಾನು ತಪ್ಪಾಗಿ ಓದಿದ ಕಥೆ

ಇವತ್ತು ಒಂದು ಲಾರಿಯ ವಿಷಯ ಹೇಳ್ತೀನಿ. ಗಾಡಿಗಳಿಗೆ ಜಿಪಿಎಸ್ ಮತ್ತು ಡೀಸೆಲ್ ಲೆಕ್ಕದ ಬಾಕ್ಸ್ ಕೂರಿಸೋದು ನನ್ನ ಕೆಲಸ. ಓಡಾಟವೆಲ್ಲ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಲ್ಲೇ. ಶಿಕ್ಷಣ ಇಲಾಖೆಯವರು ಈ ನಾಲ್ಕು ತಾಲ್ಲೂಕನ್ನೂ ಸೇರಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಅಂತಾರೆ. ನನಗೂ ಪಾಠ ಆಗಿದ್ದು ಇಲ್ಲೇ.

ಪಾವಗಡದಿಂದ ಚಳ್ಳಕೆರೆ ಕಡೆಗೆ ಶೇಂಗಾ ಹೊಡೆಯೋ ಒಂದು ಲಾರಿಗೆ ನಾನು ಬಾಕ್ಸ್ ಹಾಕಿದ್ದೆ. ಎರಡು ತಿಂಗಳಾದ ಮೇಲೆ ಓನರ್ ಫೋನ್ ಮಾಡಿದ್ರು. "ಬಂಕ್ ಬಿಲ್ಲಲ್ಲಿ 200 ಲೀಟರ್ ಇದೆ, ನಿಮ್ಮ ಬಾಕ್ಸ್ 196 ಅನ್ನುತ್ತೆ. ಪ್ರತಿ ಸಲವೂ ನಾಲ್ಕು ಲೀಟರ್ ಎಲ್ಲಿಗೆ ಹೋಯ್ತು?" ತಿಂಗಳಿಗೆ ಹತ್ತು ಸಲ ತುಂಬಿಸಿದ್ರೆ 40 ಲೀಟರ್. ಆ ದುಡ್ಡನ್ನ ಆಗಲೇ ಡ್ರೈವರ್ ಸಂಬಳದಲ್ಲಿ ಹಿಡಿದಿದ್ರು.

ಡ್ರೈವರ್ ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಬಂಕಿನಲ್ಲಿ ಐದು ಲೀಟರಿನ ಅಳತೆ ಪಾತ್ರೆ ಕೇಳಿ ಎಲ್ಲರೆದುರು ಹಿಡಿದು ತೋರಿಸಿದ್ದರಂತೆ. ಅಳತೆ ಸರಿಯಾಗೇ ಬಂತು. ಅಂದ್ರೆ ಬಂಕ್ ಕಳ್ಳ ಅಲ್ಲ. ಉಳಿದವರು ಇವರೊಬ್ಬರೇ. "ಮೂವತ್ತು ವರ್ಷ ಸ್ಟೀರಿಂಗ್ ಹಿಡಿದಿದ್ದೀನಿ ಸಾರ್, ನಿಮ್ಮ ಡಬ್ಬ ನನ್ನ ಕಳ್ಳ ಮಾಡ್ತು" ಅಂದ್ರು. ನನಗೆ ಮಾತು ಹೊರಡಲಿಲ್ಲ.

ಈ ಡಬ್ಬಕ್ಕೆ ಡೀಸೆಲ್ ಎಷ್ಟಿದೆ ಅಂತ ಗೊತ್ತಾಗೋದು ಹೇಗೆ, ಅದನ್ನ ಸ್ವಲ್ಪ ಹೇಳ್ಬೇಕು. ಈಗಿನ ಲಾರಿಯಲ್ಲಿ ಎಂಜಿನ್, ಬ್ರೇಕ್, ಮೀಟರ್ ಬೋರ್ಡ್ ಎಲ್ಲಕ್ಕೂ ಒಂದೊಂದು ಪುಟ್ಟ ಕಂಪ್ಯೂಟರ್. ಎಲ್ಲವೂ ಮಾತಾಡೋದು ಎರಡೇ ವೈರಿನ ಮೇಲೆ. ಅದೇ ಕ್ಯಾನ್ ಬಸ್. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಇದನ್ನ ಜಗತ್ತಿಗೆ ತೋರಿಸ್ತು. ಲಾರಿ, ಬಸ್ಸು, ದೊಡ್ಡ ಯಂತ್ರಗಳಿಗೆ ಇದರ ಮೇಲೆ ಜೆ1939 ಅನ್ನೋ ಒಪ್ಪಂದ ಇದೆ.

ವೈರಿನಲ್ಲಿ ಬರೋದು ಬರೀ ಸಂಖ್ಯೆ. ಒಂದು ಮೆಸೇಜಿಗೆ ಒಂದು ಗುರುತಿನ ನಂಬರ್, ಅದರ ಹಿಂದೆ ಎಂಟು ಬೈಟ್, ಒಂದೊಂದು ಬೈಟೂ 0ಯಿಂದ 255ರೊಳಗೆ. "ಇದು ಡೀಸೆಲ್" ಅಂತ ಅದರಲ್ಲಿ ಎಲ್ಲೂ ಬರೆದಿರಲ್ಲ. ಎಷ್ಟನೇ ಬೈಟಿನಿಂದ ಶುರು, ಎಷ್ಟು ಉದ್ದ, ಯಾವ ಬೈಟ್ ಮುಂದು ಯಾವುದು ಹಿಂದು, ಎಷ್ಟರಿಂದ ಗುಣಿಸಬೇಕು, ಎಷ್ಟು ಕಳೀಬೇಕು, ಇಷ್ಟನ್ನೂ ಪಟ್ಟಿ ಮಾಡಿ ಬಾಕ್ಸಿಗೆ ತುಂಬೋರು ನಮ್ಮಂಥೋರು. ಹಿಂದೆ ರಾಗಿ ಅಳೆಯೋ ಸೇರು ಊರೂರಿಗೆ ಬೇರೆ ಇತ್ತಲ್ಲ, ಹಾಗೆ. ಹತ್ತು ಸೇರು ಅಂದ್ರೆ ಸಾಲದು, ಯಾವ ಊರಿನ ಸೇರು ಅಂತ ಗೊತ್ತಿರಬೇಕು.

ಎಂಜಿನ್ ವೇಗದ ಮೆಸೇಜ್ ತಗೊಳ್ಳಿ. ನಾಲ್ಕನೇ ಬೈಟ್ 224, ಐದನೇ ಬೈಟ್ 46 ಬಂತು ಅಂದ್ಕೊಳ್ಳಿ. ಜೆ1939ರಲ್ಲಿ ಚಿಕ್ಕ ಬೆಲೆಯ ಬೈಟ್ ಮೊದಲು ಬರುತ್ತೆ. 46ನ್ನ 256ರಿಂದ ಗುಣಿಸಿ 224 ಕೂಡಿದ್ರೆ 12000. ಒಂದೊಂದಕ್ಕೂ 0.125 ಬೆಲೆ, ಹಾಗಾಗಿ 1500 ಆರ್‌ಪಿಎಂ. ಬೈಟ್ ತಿರುಗಾಮುರುಗಾ ಓದಿದ್ರೆ 7173 ಬರುತ್ತೆ. ಡೀಸೆಲ್ ಲಾರಿ ಎಂಜಿನ್ ಅಷ್ಟು ತಿರುಗಿದ್ರೆ ಬಾನೆಟ್ ಹಾರಿ ಮಧುಗಿರಿ ಬೆಟ್ಟದ ಮೇಲೆ ಬೀಳ್ಬೇಕು! ಇಂಥ ತಪ್ಪು ಅಲ್ಲೇ ಸಿಕ್ಕಿಬೀಳುತ್ತೆ. ನಂದು ಹಾಗೆ ಸಿಗೋ ತಪ್ಪಾಗಿರಲಿಲ್ಲ.

ಮೊದಲು ನಾನೂ ಸಬೂಬು ಹುಡುಕಿದೆ. ಕೊರಟಗೆರೆ ಕಡೆಯ ತಿರುವಿನಲ್ಲಿ ಡೀಸೆಲ್ ಕುಲುಕಾಡುತ್ತೆ, ಟ್ಯಾಂಕಿನ ಫ್ಲೋಟ್ ಮೇಲೆ ಕೆಳಗೆ ಆಗುತ್ತೆ, ಅದಕ್ಕೇ ವ್ಯತ್ಯಾಸ ಅಂತ. ಆದ್ರೆ ಕುಲುಕಾಟಕ್ಕೆ ಒಮ್ಮೆ ಜಾಸ್ತಿ, ಒಮ್ಮೆ ಕಮ್ಮಿ ಬರಬೇಕಲ್ವಾ? ಇಲ್ಲಿ ಪ್ರತಿ ಸಲವೂ ಕಮ್ಮಿ, ಅದೂ ನೂರಕ್ಕೆ ಎರಡು. ಕಳ್ಳನೂ ಇಷ್ಟು ಲೆಕ್ಕಾಚಾರವಾಗಿ ಕದಿಯಲ್ಲ.

ಶಿರಾ ಹತ್ತಿರ ಹೈವೇ ಬಂಕಿನಲ್ಲಿ ಲಾರಿಯನ್ನ ಸಮ ನೆಲದ ಮೇಲೆ ನಿಲ್ಲಿಸಿ, 300 ಲೀಟರಿನ ಟ್ಯಾಂಕನ್ನ ಪೂರ್ತಿ ತುಂಬಿಸಿದ್ವಿ. ಲ್ಯಾಪ್‌ಟಾಪ್ ಹಚ್ಚಿ 65276ನೇ ಮೆಸೇಜಿನ ಎರಡನೇ ಬೈಟ್ ನೋಡಿದೆ. 250. ಅಲ್ಲಿಗೇ ನಿಂತುಬಿಡ್ತು, ಮುಂದಕ್ಕೆ ಹೋಗಲಿಲ್ಲ.

ಆಗ ಹೊಳೀತು. ಒಂದು ಬೈಟಿನ ಕೊನೆ 255, ಅದೇ ಫುಲ್ ಟ್ಯಾಂಕ್ ಅಂತ ನಾನು ನೂರನ್ನ 255ರಿಂದ ಭಾಗಿಸಿ ಬರೆದಿದ್ದೆ. ಜೆ1939ರಲ್ಲಿ ಅಳತೆ 250ಕ್ಕೇ ಮುಗಿಯುತ್ತೆ. 254 ಅಂದ್ರೆ ಸೆನ್ಸರ್ ಕೆಟ್ಟಿದೆ, 255 ಅಂದ್ರೆ ಮಾಹಿತಿಯೇ ಇಲ್ಲ. ಒಂದೊಂದರ ಬೆಲೆ 0.4 ಆಗಬೇಕಿತ್ತು, ನಾನು 0.392 ಮಾಡಿದ್ದೆ. ಫುಲ್ ಟ್ಯಾಂಕ್ 98 ಪರ್ಸೆಂಟ್ ತೋರಿಸ್ತಾ ಇತ್ತು. ಫ್ಲೋಟ್ ತುದಿಗೆ ಮುಟ್ಟಲ್ಲ ಬಿಡು ಅಂತ ನಾನೂ ಸುಮ್ಮನಿದ್ದೆ.

ಒಂದು ಸಾಲು ತಿದ್ದೋಕೆ ಅರ್ಧ ನಿಮಿಷ ಸಾಕಾಯ್ತು. ಓನರಿಗೆ ಅಲ್ಲಿಂದಲೇ ಫೋನ್ ಮಾಡಿ, ತಪ್ಪು ನಂದು, ಅಣ್ಣಂದಲ್ಲ ಅಂದೆ. ಹಿಡಿದ ದುಡ್ಡು ವಾಪಸ್ ಬಂತು. ಇದೇ ಪಟ್ಟಿ ತುಂಬಿದ ಇನ್ನೂ ಹನ್ನೊಂದು ಗಾಡಿ ಇದ್ವು. ಆ ವಾರವೆಲ್ಲ ಒಂದೊಂದೇ ಹುಡುಕ್ಕೊಂಡು ಹೋದೆ. ಇನ್ನಿಬ್ಬರು ಡ್ರೈವರ್‌ಗಳಿಗೂ ದುಡ್ಡು ಹಿಡಿದಿದ್ರು. ಒಬ್ಬ ಕೆಲಸ ಬಿಟ್ಟು ಹೋಗಿದ್ದ.

ಪಾವಗಡದ ಅಣ್ಣ ಈಗಲೂ ಟ್ಯಾಂಕ್ ತುಂಬಿಸಿದಾಗೆಲ್ಲ ಬಂಕಿನಿಂದ ಫೋನ್ ಮಾಡ್ತಾರೆ. "ಎಷ್ಟು ತೋರಿಸ್ತಿದೆ ನೋಡಿ ಸಾರ್" ಅಂತಾರೆ. ನಾನು ನೋಡಿ ಹೇಳಿದ ಮೇಲೇನೇ ಗಾಡಿ ತೆಗೆಯೋದು.