ಮಳೆಯ ಮಾರ್ಪಾಡೂ ತಬ್ಬಲಿ ಮಕ್ಕಳೂ



ತಂದೆತಾಯಿಗಳನ್ನು ಕಳೆದುಕೊಂಡ ಕೂಸಿಗೆ ಹಿಂದಿನಿಂದಲೂ ಆಸರೆಯಾದವರು ನೆರೆಮನೆಯ ಚಿಕ್ಕಪ್ಪ, ಸೋದರಮಾವ. ಕಡೆಗೆ ಮಠದ ಪ್ರಸಾದನಿಲಯ. 2024ನೆಯ ಇಸವಿಯ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡವು ಜರಿದಾಗ ತಂದೆಯೊಡನೆ ಚಿಕ್ಕಪ್ಪನೂ ಹೋದನು, ಬೀದಿಯೇ ಹೋಯಿತು. ಮಡಿದವರು 250ಕ್ಕೂ ಮಿಗಿಲು. ವಾಯುವಿನ ಉಷ್ಣವು ಒಂದು ಡಿಗ್ರಿ ಏರಿದರೆ ಅದು ನೂರಕ್ಕೆ ಸುಮಾರು 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು; ಅಂದಿನ ಮಳೆಯು ಮಾನವಕೃತ ತಾಪದಿಂದ ನೂರಕ್ಕೆ ಸುಮಾರು 10ರಷ್ಟು ಬಿರುಸಾಯಿತೆಂದು ವಿಜ್ಞಾನಿಗಳು ಗಣಿಸಿದ್ದಾರೆ.

ಆ ಮಕ್ಕಳನ್ನು ದತ್ತಕ್ಕೆ ಬೇಡಿದವರು ಹಲವರು. ಕರುಣೆಯು ಮೆಚ್ಚತಕ್ಕದ್ದೇ, ಆದರೆ 2015ರ ಬಾಲನ್ಯಾಯ ಕಾಯಿದೆಯು ಆತುರಕ್ಕೆ ಎಡೆಗೊಡದು. ಬಂಧುಗಳುಂಟೋ ಎಂಬುದನ್ನು ಮೊದಲು ಅರಸಬೇಕು, ಮಕ್ಕಳ ಕಲ್ಯಾಣ ಸಮಿತಿಯು ವಿಚಾರಿಸಬೇಕು. ಇದು ಸರಿಯಾದ ಕಟ್ಟಳೆ. ಅಜ್ಜಿಯೊಬ್ಬಳು ಉಳಿದಿದ್ದರೆ, ಬಡವಳಾದರೂ ಅವಳ ಮಡಿಲೇ ಮೇಲು; ನೆರವು ಅಲ್ಲಿಗೇ ಹೋಗಲಿ.

ಮಳೆ ತಪ್ಪಿದರೂ ಪೆಟ್ಟು ಇಂಥ ಮಕ್ಕಳಿಗೇ. 2023ರಲ್ಲಿ ಕರ್ನಾಟಕದ 223 ತಾಲ್ಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟವು. ಭಕ್ತರ ಹೊಲ ಬತ್ತಿದ ವರುಷ ದಾಸೋಹಕ್ಕೆ ಬರುವ ಜೋಳ ಕಡಮೆ, ಬಾಗಿಲಿಗೆ ಬರುವ ಮಕ್ಕಳು ಹೆಚ್ಚು. ಸುಗ್ಗಿ ಕೈಹಿಡಿದ ವರುಷವೇ ಅವರ ಪಾಲನ್ನು ಬೇರೆ ಹಗೇವಿನಲ್ಲಿ ತೆಗೆದಿರಿಸುವುದು ಲೇಸು.