ಟಿಕೆಟ್ ಕೇಳಿ ಪಡೆಯೋಣ



ಸಿಟಿ ಬಸ್ಸಿನಲ್ಲಿ ಹಿಂದೆ ನಾವೆಲ್ಲ ಕಂಡದ್ದೇ ಇದು. ಹತ್ತು ರೂಪಾಯಿ ದೂರಕ್ಕೆ ಐದು ರೂಪಾಯಿ ಕೊಟ್ಟು "ಟಿಕೆಟ್ ಬೇಡಣ್ಣ" ಅನ್ನುವುದು. ಐದು ಉಳಿಯಿತೆಂದು ಖುಷಿ. ಕೊಟ್ಟ ಐದು ಯಾವ ಲೆಕ್ಕಕ್ಕೆ ಸೇರಿತು? ಪಾಸ್‌ಬುಕ್‌ನಲ್ಲಿ ಬರೆಯದೆ ಸಂಘದಲ್ಲಿ ಯಾರಾದರೂ ಉಳಿತಾಯದ ಹಣ ಕೇಳಿದರೆ ನಾವು ಕೊಡ್ತೇವಾ?

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. "ಇನ್ನು ಟಿಕೆಟ್ ಯಾಕೆ ಸಿಸ್ಟರ್?" ಅಂತ ಸಭೆಗಳಲ್ಲಿ ಕೇಳುತ್ತಾರೆ. ಬೇಕು. ಗುರುತಿನ ಚೀಟಿ ತೋರಿಸಿ ಪಡೆಯುವ ಶೂನ್ಯ ಟಿಕೆಟ್‌ಗಳ ಲೆಕ್ಕದ ಮೇಲೆಯೇ ಸರ್ಕಾರ ಸಾರಿಗೆ ನಿಗಮಕ್ಕೆ ಹಣ ತುಂಬಿಕೊಡಬೇಕು. ಟಿಕೆಟ್ ಪಡೆಯದಿದ್ದರೆ ನಾವು ಬಸ್ ಹತ್ತಿದ್ದೇ ಲೆಕ್ಕಕ್ಕಿಲ್ಲ. ನಾಳೆ "ಈ ದಾರಿಯಲ್ಲಿ ಜನ ಇಲ್ಲ" ಅಂತ ಬಸ್ ನಿಲ್ಲಿಸಿದರೆ ಯಾರನ್ನು ದೂರೋಣ? ಟಿಕೆಟ್ ಇಲ್ಲದ ಪ್ರಯಾಣಕ್ಕೆ ಮೋಟಾರು ವಾಹನ ಕಾಯ್ದೆಯಲ್ಲಿ 500 ರೂಪಾಯಿವರೆಗೆ ದಂಡವೂ ಇದೆ.

ಇನ್ನೊಂದು ಮಾತು. ಆರು ವರ್ಷ ದಾಟಿದ ಗಂಡುಮಗುವಿಗೆ ಅರ್ಧ ಟಿಕೆಟ್ ತೆಗೆಯಬೇಕು. ಒಮ್ಮೆ ಬಸ್ಸಿನಲ್ಲಿ ಒಬ್ಬ ತಾಯಿ "ಐದು ವರ್ಷ" ಅಂದರು. ಮಗ ಜೋರಾಗಿ, "ಇಲ್ಲಮ್ಮ, ನಾನು ಎರಡನೇ ಕ್ಲಾಸು!" ಅಂದ. ಬಸ್ಸೆಲ್ಲ ನಕ್ಕಿತು, ತಾಯಿ ತಲೆ ತಗ್ಗಿಸಿದರು. ನಮಗೆ ನಗು ಬರಲಿಲ್ಲ. ಕೈಯಲ್ಲಿ ಚಿಲ್ಲರೆಯೂ ಇಲ್ಲದ ದಿನಗಳು ನಮ್ಮ ಮನೆಗಳಲ್ಲಿ ಎಷ್ಟಿವೆ ಎಂದು ನಾವು ಬಲ್ಲೆವು. ಆದರೆ ಆ ಹುಡುಗ ಅಂದು ನಿಜ ಹೇಳಿದ. ಮನೆಗೆ ಹೋದ ಮೇಲೆ ಅದಕ್ಕಾಗಿ ಪೆಟ್ಟು ತಿಂದನೋ, ಮುದ್ದು ಪಡೆದನೋ? ಈ ವಾರದ ಸಭೆಯಲ್ಲಿ ಇದನ್ನೇ ಮಾತಾಡೋಣ.